ಅಳೆಯುವ ಕೈ ಬದಲಾಗಲಿ, ಅಳತೆ ನಿಲ್ಲದಿರಲಿ

ಮುಂಬೈಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು ಹೇಗಿದೆ ಎಂದು ಯಾರನ್ನಾದರೂ ಕೇಳಿದರೆ ಮೊದಲು ಸಿಗುವ ಉತ್ತರ ಚಿರತೆಗಳ ಲೆಕ್ಕ. ಬೊರಿವಲಿಯಿಂದ ಠಾಣೆಯವರೆಗೆ ಸುಮಾರು 104 ಚದರ ಕಿಲೋಮೀಟರ್ ಹಬ್ಬಿರುವ ಈ ಕಾಡು ಮತ್ತು ಅದರ ಅಂಚಿನಲ್ಲಿ 2015ರ ಕ್ಯಾಮೆರಾ ಎಣಿಕೆಗೆ 35 ಚಿರತೆಗಳು ಸಿಕ್ಕಿದ್ದವು. ಮುಂದಿನ ಎಣಿಕೆಗಳಲ್ಲಿ ಸಂಖ್ಯೆ 40 ದಾಟಿತು. ಚಿರತೆ ಹೆಚ್ಚಿದರೆ ಕಾಡು ಚೆನ್ನಾಗಿದೆ ಎಂದು ಪತ್ರಿಕೆಗಳೂ ಓದುಗರೂ ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ಇಲ್ಲಿನ ಚಿರತೆಗಳ ಆಹಾರದಲ್ಲಿ ಬೀದಿನಾಯಿಗಳದ್ದು ದೊಡ್ಡ ಪಾಲು. ಊರ ಕಸ ತಿಂದು ನಾಯಿ ಬದುಕುತ್ತದೆ, ನಾಯಿ ತಿಂದು ಚಿರತೆ ಬದುಕುತ್ತದೆ. ಕಾಡಿನ ಮರಗಳು ಒಂದೊಂದಾಗಿ ಒಣಗುತ್ತಿದ್ದರೂ ಈ ಲೆಕ್ಕ ಏರುತ್ತಲೇ ಇರಬಹುದು.

ಎರಡನೆಯ ಉತ್ತರ ಉಪಗ್ರಹದ ಚಿತ್ರ. ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳು 1972ರಿಂದ ಇವೆ, 2008ರಿಂದ ಎಲ್ಲರಿಗೂ ಉಚಿತ. ಯುರೋಪಿನ ಸೆಂಟಿನೆಲ್-2 ಹತ್ತು ಮೀಟರಿನಷ್ಟು ಸೂಕ್ಷ್ಮವಾದ ಚಿತ್ರವನ್ನು ಐದು ದಿನಕ್ಕೊಮ್ಮೆ ಕಳಿಸುತ್ತದೆ. ಇದಕ್ಕಿಂತ ಅಗ್ಗ ಯಾವುದಿದೆ? ತೊಡಕು ಬೇರೆ ಕಡೆ ಇದೆ. ಬೊರಿವಲಿಯದು ಹೆಚ್ಚಾಗಿ ಎಲೆ ಉದುರಿಸುವ ಕಾಡು. ಅದು ತುಂಬಿ ನಿಲ್ಲುವುದು ಮಳೆಗಾಲದಲ್ಲಿ, ಅದೇ ತಿಂಗಳುಗಳಲ್ಲಿ ಮೋಡ ಆಕಾಶವನ್ನು ಮುಚ್ಚಿರುತ್ತದೆ. ಮೋಡವಿಲ್ಲದ ಮಾರ್ಚ್‌ನಲ್ಲಿ ನೋಡಿದರೆ ಆರೋಗ್ಯವಂತ ಮರವೂ ಬೋಳು. ಇನ್ನು ಮರ ಸತ್ತ ಜಾಗದಲ್ಲಿ ಲಂಟಾನ ಪೊದೆ ಎದ್ದರೆ ಅದೂ ಹಸಿರಾಗಿಯೇ ಕಾಣುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣೆ 1987ರಿಂದ ಪ್ರಕಟಿಸುತ್ತಿರುವ ವರದಿಗಳಲ್ಲೂ ಇದೇ ಮಿತಿ ಇದೆ. ಒಂದು ಹೆಕ್ಟೇರ್ ಜಾಗದಲ್ಲಿ ಶೇ. 10ಕ್ಕಿಂತ ಹೆಚ್ಚು ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ, ಮರ ಯಾವುದಾದರೂ ಸರಿ, ಜಾಗ ಯಾರದ್ದಾದರೂ ಸರಿ. ಕನ್ನಡದಲ್ಲಿ ಕಾಡು ಎಂದರೆ ಒಂದು, ತೋಪು ಎಂದರೆ ಇನ್ನೊಂದು. ವರದಿಯ ಭಾಷೆಯಲ್ಲಿ ಎರಡಕ್ಕೂ ಒಂದೇ ಹೆಸರು.

ಹಾಗಾದರೆ ಕಾಡಿನ ಆರೋಗ್ಯ ತಿಳಿಯುವುದು ಹೇಗೆ? ವಿಧಾನ ಹೊಸದಲ್ಲ, ದುಬಾರಿಯೂ ಅಲ್ಲ. ಕಾಡಿನಲ್ಲಿ ಒಂದು ತಾಕನ್ನು ಅಳೆದು ಮೂಲೆಗಲ್ಲು ನೆಡಬೇಕು. ಅದರೊಳಗಿನ ಪ್ರತಿ ಮರಕ್ಕೂ ಅಂಕಿ ಕೊರೆದ ತಗಡಿನ ಬಿಲ್ಲೆ ಕಟ್ಟಬೇಕು. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆದು, ಟೇಪು ಸುತ್ತಿದ ಜಾಗಕ್ಕೆ ಬಣ್ಣದ ಪಟ್ಟೆ ಬಳಿಯಬೇಕು. ಕೆಲವು ವರ್ಷ ಬಿಟ್ಟು ಮತ್ತೆ ಹೋಗಿ ಅದೇ ಮರವನ್ನು ಅದೇ ಪಟ್ಟೆಯ ಮೇಲೆ ಅಳೆಯಬೇಕು. ಯಾವುದು ಸತ್ತಿತು, ಯಾವುದು ಹೊಸದಾಗಿ ಎದ್ದಿತು ಎಂದು ಬರೆಯಬೇಕು. ಪನಾಮಾದ ಬ್ಯಾರೊ ಕೊಲರಾಡೊ ದ್ವೀಪದಲ್ಲಿ 1980ರ ಸುಮಾರಿಗೆ 50 ಹೆಕ್ಟೇರಿನ ಇಂಥ ತಾಕು ಆರಂಭವಾಯಿತು. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1988ರಲ್ಲಿ ಮುದುಮಲೆಯಲ್ಲಿ ಅಷ್ಟೇ ದೊಡ್ಡ ತಾಕು ಹಾಕಿತು. ರಾಮನ್ ಸುಕುಮಾರ್ ಮತ್ತು ಅವರ ಸಹೋದ್ಯೋಗಿಗಳ ಈ ಕೆಲಸದಿಂದ ತಿಳಿದ ಒಂದು ಸಂಗತಿ ನೋಡಿ: ಕಿಡಿಯಾ ಕ್ಯಾಲಿಸಿನಾ ಎಂಬ, ಒಂದು ಕಾಲಕ್ಕೆ ಅಲ್ಲಿ ಹೇರಳವಾಗಿದ್ದ ಮರ, ಆನೆಗಳ ಮೇವಾಗಿ ತೀವ್ರವಾಗಿ ಕುಗ್ಗಿತು. ಮೇಲಿನಿಂದ ನೋಡಿದರೆ ಕಾಡು ಹಸಿರಾಗಿಯೇ ಇತ್ತು. ಮರ ಮರವನ್ನೂ ಎಣಿಸಿದವರಿಗೆ ಮಾತ್ರ ವ್ಯತ್ಯಾಸ ಕಂಡಿತು.

ಇಲ್ಲಿ ಬೇಕಾದ ಸಾಮಾನು ಟೇಪು, ಬಿಲ್ಲೆ, ಬಣ್ಣ, ನೋಟ್‌ಬುಕ್ಕು. ವೈಜ್ಞಾನಿಕ ವಿಶ್ವಾಸ ಬರುವುದು ಸಾಮಾನಿನ ಬೆಲೆಯಿಂದಲ್ಲ, ಶಿಸ್ತಿನಿಂದ. ಒಂದು ಮರ ವರ್ಷಕ್ಕೆ ದಪ್ಪವಾಗುವುದು ಕೆಲವೇ ಮಿಲಿಮೀಟರ್. ಟೇಪು ನಾಲ್ಕು ಬೆರಳು ಮೇಲೆ ಸರಿದರೆ ಇಡೀ ವರ್ಷದ ಬೆಳವಣಿಗೆ ಲೆಕ್ಕದಿಂದ ಅಳಿಸಿಹೋಗಬಹುದು. ಆದ್ದರಿಂದ ಪ್ರತಿ ಸಲವೂ ಹತ್ತರಲ್ಲಿ ಒಂದು ಮರವನ್ನು ಇನ್ನೊಂದು ತಂಡ, ಮೊದಲಿನ ಅಂಕಿ ನೋಡದೆ, ಮತ್ತೆ ಅಳೆಯಬೇಕು. ಎರಡು ಅಳತೆಗಳ ನಡುವಿನ ಅಂತರವನ್ನು ವರದಿಯಲ್ಲಿ ಮುಚ್ಚಿಡದೆ ಅಚ್ಚು ಮಾಡಬೇಕು. ಇದಕ್ಕೆ ಆಗುವ ಖರ್ಚು ಇನ್ನು ನಾಲ್ಕು ದಿನದ ಕೂಲಿ.

ತಾಕು ಎಲ್ಲಿ ಹಾಕಬೇಕು ಎಂಬುದೂ ಅಷ್ಟೇ ಮುಖ್ಯ. 2005ರ ಜುಲೈ 26ರಂದು ಸಾಂತಾಕ್ರೂಜ್‌ನ ಮಳೆಮಾಪಕದಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು, ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು ಕೇವಲ 73 ಮಿಲಿಮೀಟರ್. ಕೊಲಾಬಾದ ಒಂದೇ ಮಾಪಕವನ್ನು ನಂಬಿದ್ದರೆ ಅಂದು ಮುಂಬೈ ಮುಳುಗಿದ್ದೇ ದಾಖಲೆಯಲ್ಲಿ ಇರುತ್ತಿರಲಿಲ್ಲ. ಕಾಡಿಗೂ ಈ ಮಾತು ಸಲ್ಲುತ್ತದೆ. ತಲುಪಲು ಸುಲಭವಾದ ಒಂದು ದೊಡ್ಡ ತಾಕಿಗಿಂತ, ಒಳಗಾಡು, ಕೊಳೆಗೇರಿಗೆ ತಾಗಿದ ಅಂಚು, ಕೆರೆದಂಡೆ, ಆರೆಯ ಹುಲ್ಲುಗಾವಲಿನ ಬದಿ ಎಂದು ಹಂಚಿ ಹಾಕಿದ ಒಂದೊಂದು ಹೆಕ್ಟೇರಿನ ಇಪ್ಪತ್ತು ತಾಕುಗಳು ಹೆಚ್ಚು ಹೇಳುತ್ತವೆ. ಹತ್ತು ಸೆಂಟಿಮೀಟರಿಗಿಂತ ದಪ್ಪದ ಮರಗಳು ಹೆಕ್ಟೇರಿಗೆ ಕೆಲವು ನೂರು ಇರುತ್ತವೆ. ವರ್ಷಕ್ಕೆ ನಾಲ್ಕು ತಾಕು ಅಳೆದರೆ ಐದು ವರ್ಷಕ್ಕೆ ಒಂದು ಸುತ್ತು ಮುಗಿಯುತ್ತದೆ. ನಾಲ್ಕೈದು ಜನರ ತಂಡಕ್ಕೆ ಇದು ವರ್ಷದಲ್ಲಿ ಕೆಲವು ವಾರಗಳ ಕೆಲಸ.

ಇಷ್ಟು ಸುಲಭವಾದರೆ ಏಕೆ ನಡೆಯುತ್ತಿಲ್ಲ? ಹಣ ಬರುವ ರೀತಿ ಕಾರಣ. ಸಂಶೋಧನೆಗೆ ಅನುದಾನ ಸಿಗುವುದು ಮೂರು ವರ್ಷಕ್ಕೆ, ಕಾಡು ಬದಲಾಗುವುದು ಮೂವತ್ತು ವರ್ಷದಲ್ಲಿ. ಬೊರಿವಲಿಯ ಕಾರ್ವಿ ಗಿಡವೇ ಇದಕ್ಕೆ ಸಾಕ್ಷಿ. ನಮ್ಮ ಕುರಿಂಜಿಯ ಬಳಗದ ಈ ಗಿಡ ಎಂಟು ವರ್ಷಕ್ಕೊಮ್ಮೆ ಹೂ ಬಿಡುತ್ತದೆ: 2008, 2016, 2024. ಹೂ ಕಾಯಾದ ಮೇಲೆ ಗಿಡಗಳು ಒಟ್ಟಿಗೆ ಒಣಗುತ್ತವೆ, ಮುಂದಿನ ಮಳೆಗೆ ಸಸಿಗಳು ಏಳುತ್ತವೆ. 2017ರಿಂದ 2020ರವರೆಗೆ ಅಧ್ಯಯನ ಮಾಡಿದವರು ಹೂವನ್ನೇ ನೋಡಿರುವುದಿಲ್ಲ. 2023ರಿಂದ 2025ರವರೆಗೆ ಅಳೆದವರು ಮರಗಳ ಕೆಳಗಿನ ಪೊದೆಯೆಲ್ಲ ನಾಶವಾಯಿತು ಎಂದು ಬರೆಯಬಹುದು. ಇಬ್ಬರ ಅಳತೆಯೂ ಸರಿ, ತೀರ್ಮಾನ ತಪ್ಪು.

ಆದ್ದರಿಂದ ದೀರ್ಘಕಾಲದ ಅಧ್ಯಯನ ಕೈಗೆಟುಕಬೇಕೆಂದರೆ ಒಂದು ಸಲ ದೊಡ್ಡ ಮೊತ್ತ ಕೊಡುವುದಕ್ಕಿಂತ ಪ್ರತಿ ವರ್ಷ ಸಣ್ಣ ಮೊತ್ತ ತಪ್ಪದೆ ಕೊಡುವ ಏರ್ಪಾಡು ಬೇಕು. ಒಂದು ಇಡುಗಂಟು, ಅದರ ಬಡ್ಡಿಯಿಂದ ಸಂಬಳ. ಈ ಸಂಬಳ ಉದ್ಯಾನದೊಳಗಿನ ಮತ್ತು ಆರೆಯ ಪಾಡಾಗಳ ವಾರ್ಲಿ, ಮಲ್ಹಾರ್ ಕೋಳಿ, ಕೋಕಣಾ ಜನಕ್ಕೆ ಸಲ್ಲಬೇಕು. ಕಾರ್ವಿಯ ಕಡ್ಡಿ ಹೆಣೆದು ಗೋಡೆ ಕಟ್ಟಿದ ಈ ಜನಕ್ಕೆ ಎಲೆಯಿಲ್ಲದ ಮಾರ್ಚ್‌ನಲ್ಲೂ ತೊಗಟೆ ನೋಡಿ ಮರ ಹೇಳಲು ಬರುತ್ತದೆ. ಸಂಶೋಧಕರು ಪದವಿ ಮುಗಿಸಿ ಹೊರಟುಹೋಗುತ್ತಾರೆ, ಇವರು ಅಲ್ಲೇ ಇರುತ್ತಾರೆ. ಸಸ್ಯಶಾಸ್ತ್ರಜ್ಞರ ಕೆಲಸ ವರ್ಷಕ್ಕೊಮ್ಮೆ ಬಂದು ಹೆಸರುಗಳನ್ನು ತಾಳೆ ನೋಡುವುದು, ವಾರ್ಲಿ ಹೆಸರಿನ ಪಕ್ಕದಲ್ಲಿ ಶಾಸ್ತ್ರೀಯ ಹೆಸರು ಬರೆಯುವುದು.

ಸ್ವಯಂಸೇವಕರು ಉಚಿತವಾಗಿ ಮಾಡುವುದಿಲ್ಲವೇ ಎಂದು ಕೇಳಬಹುದು. ಮೊಬೈಲಿನಲ್ಲಿ ಫೋಟೊ ಹಾಕುವ ಐನ್ಯಾಚುರಲಿಸ್ಟ್‌ನಂಥ ವೇದಿಕೆಗಳು ಯಾವ ಜೀವಿ ಎಲ್ಲಿದೆ ಎಂದು ತಿಳಿಯಲು ಬಹಳ ಉಪಯುಕ್ತ. ಆದರೆ ಜನ ಹೋಗುವುದು ಭಾನುವಾರ, ನಡೆಯುವುದು ಕಾಲುದಾರಿಯಲ್ಲಿ, ಕ್ಲಿಕ್ಕಿಸುವುದು ಹೂವನ್ನು. ಸತ್ತ ಮರವನ್ನು ಯಾರೂ ಕ್ಲಿಕ್ಕಿಸುವುದಿಲ್ಲ. ಡ್ರೋನು, ಲೇಸರು, ಶಬ್ದ ಗುರುತಿಸುವ ಯಂತ್ರಗಳ ವಿಷಯವೂ ಹಾಗೆಯೇ. ಬರಲಿ, ಆದರೆ ಅವು ಹೇಳುವುದು ನಿಜವೇ ಎಂದು ನೋಡಲು ನೆಲದ ಮೇಲೆ ಬಿಲ್ಲೆ ಕಟ್ಟಿದ ಮರ ಇರಬೇಕು.

ಉಪಕರಣ, ಜಾಗ ಬದಲಾದಾಗ ಅಳತೆಯ ಸರಣಿಯನ್ನು ಉಳಿಸಿಕೊಳ್ಳುವುದು ಹೇಗೆಂಬುದಕ್ಕೆ ಮುಂಬೈಯಲ್ಲೇ ಪಾಠವಿದೆ. ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಭೂಮಿಯ ಕಾಂತತ್ವವನ್ನು ಅಳೆಯುತ್ತಿದ್ದರು. ವಿದ್ಯುತ್ ಟ್ರಾಂ ಬಂದರೆ ಅಳತೆ ಕೆಡುತ್ತದೆ ಎಂದು ನಾನಾಭಾಯ್ ಮೂಸ್ ನಿರ್ದೇಶಕರಾಗಿದ್ದಾಗ 1904ರಲ್ಲಿ ಅಲಿಬಾಗ್‌ನಲ್ಲಿ ಹೊಸ ಕೇಂದ್ರ ಮಾಡಿದರು. ಹಳೆಯದನ್ನು ತಕ್ಷಣ ಮುಚ್ಚಲಿಲ್ಲ. 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದು, ಹೊಸ ಅಂಕಿ ಹಳೆಯದಕ್ಕೆ ಹೊಂದುವಂತೆ ಮಾಡಿಕೊಂಡರು. 1859ರ ಸೌರ ಬಿರುಗಾಳಿಯ ದಿನ ಕೊಲಾಬಾದಲ್ಲಿ ಬರೆದಿಟ್ಟ ಅಂಕಿಗಳನ್ನು ವಿಜ್ಞಾನಿಗಳು 2003ರಲ್ಲಿ ತೆಗೆದು, ಆ ಬಿರುಗಾಳಿ ಎಷ್ಟು ತೀವ್ರವಾಗಿತ್ತೆಂದು ಲೆಕ್ಕ ಹಾಕಿದರು. ಬರೆದವರಿಗೆ ಅದರ ಉಪಯೋಗ ಗೊತ್ತಿರಲಿಲ್ಲ. ತಪ್ಪದೆ ಬರೆದಿದ್ದರು, ಅಷ್ಟೇ.

ಈ ಮಾತಿಗೆ ಈಗ ಅವಸರವಿದೆ. ಗೋರೆಗಾಂವ್–ಮುಲುಂಡ್ ರಸ್ತೆಯ ಸುರಂಗ, ಠಾಣೆ–ಬೊರಿವಲಿ ಸುರಂಗ ಎರಡೂ ಇದೇ ಉದ್ಯಾನದ ಅಡಿಯಲ್ಲಿ ಹಾದುಹೋಗಲಿವೆ. ಮೇಲಿನ ಮರಗಳಿಗೆ, ಅಂತರ್ಜಲಕ್ಕೆ ಧಕ್ಕೆಯಿಲ್ಲ ಎಂದು ಒಂದು ಕಡೆ, ಇದೆ ಎಂದು ಇನ್ನೊಂದು ಕಡೆ ವಾದ. ಮೊದಲಿನ ಅಳತೆಯೇ ಇಲ್ಲದಿದ್ದರೆ ಹತ್ತು ವರ್ಷದ ಮೇಲೆ ಇಬ್ಬರನ್ನೂ ಒರೆಗೆ ಹಚ್ಚಲು ಆಗುವುದಿಲ್ಲ. ಆರೆಯಲ್ಲಿ ನಡೆದದ್ದು ಇದೇ. 2019ರ ಅಕ್ಟೋಬರಿನಲ್ಲಿ ಮೆಟ್ರೊ ಶೆಡ್ಡಿಗಾಗಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಬೀಳುವವರೆಗೆ ವಾದ ನಡೆದದ್ದು ಬಹುಮಟ್ಟಿಗೆ ಅದು ಕಾಡು ಹೌದೋ ಅಲ್ಲವೋ ಎಂಬ ಪದದ ಮೇಲೆ. ಅಲ್ಲಿ ಏನೇನಿತ್ತು, ಎಷ್ಟು ಕಾಲದಿಂದ ಇತ್ತು, ಹೆಚ್ಚುತ್ತಿತ್ತೋ ಕುಗ್ಗುತ್ತಿತ್ತೋ ಎಂಬ ಲೆಕ್ಕದ ಮೇಲೆ ಅಲ್ಲ.

ಹಣವಿಲ್ಲ ಎನ್ನುವಂತಿಲ್ಲ. ಬೃಹನ್ಮುಂಬೈ ಮಹಾನಗರಪಾಲಿಕೆಯ 2025–26ರ ಬಜೆಟ್ 74,427 ಕೋಟಿ ರೂಪಾಯಿ. ಪರಿಹಾರಾತ್ಮಕ ಅರಣ್ಯೀಕರಣ ನಿಧಿಯಿಂದ 2019ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳಿಸಿದ್ದು 47,436 ಕೋಟಿ. ಸಸಿ ನೆಡಲು ಇಷ್ಟು ಹಣವಿರುವಾಗ, ಇರುವ ಮರ ಬದುಕಿದೆಯೇ ಎಂದು ನೋಡಲು ಅದರ ಒಂದು ಚೂರು ಸಾಕು. ಸುರಂಗಕ್ಕೆ ಅನುಮತಿ ಕೊಡುವಾಗಲೇ ಇಡುಗಂಟನ್ನು ಷರತ್ತಾಗಿ ಹಾಕಬಹುದು. ಅಂಕಿಗಳನ್ನು ಯೋಜನೆ ಕಟ್ಟುವವರ ಕೈಗಾಗಲಿ ಅರಣ್ಯ ಇಲಾಖೆಯ ಕಪಾಟಿಗಾಗಲಿ ಬಿಡದೆ ಒಂದು ವಿಶ್ವವಿದ್ಯಾಲಯದಲ್ಲಿಟ್ಟು, ವರ್ಷವರ್ಷವೂ ಎಲ್ಲರಿಗೂ ಸಿಗುವಂತೆ ಪ್ರಕಟಿಸಬೇಕು.

ಉದ್ಯಾನದ ಮಡಿಲಲ್ಲಿ 1860ರಲ್ಲಿ ಮುಗಿದ ವಿಹಾರ್ ಕೆರೆ, 1879ರ ತುಳಸಿ ಕೆರೆ ಇವೆ. ಪ್ರತಿ ಮಳೆಗಾಲ ಪಾಲಿಕೆ ನಗರಕ್ಕೆ ನೀರು ಕೊಡುವ ಏಳು ಕೆರೆಗಳ ಮಟ್ಟವನ್ನು ದಿನವೂ ಅಳೆದು ಪ್ರಕಟಿಸುತ್ತದೆ, ಮುಂಬೈಯ ಜನ ಅದನ್ನು ಓದುತ್ತಾರೆ. ಆ ಎರಡು ಕೆರೆಗಳಿಗೆ ನೀರು ಹರಿಸುವ ಕಾಡಿಗೆ ಅಂಥ ಒಂದು ಸಾಲು ಇನ್ನೂ ಇಲ್ಲ. ಕಾರ್ವಿ ಮುಂದೆ ಅರಳುವುದು 2032ರಲ್ಲಿ. ಅಷ್ಟರೊಳಗೆ ಇಪ್ಪತ್ತು ತಾಕುಗಳಲ್ಲಿ ಮೊದಲ ಸುತ್ತು ಮುಗಿಸಿ, ಎರಡನೆಯದನ್ನು ಆರಂಭಿಸಲು ಸಮಯವಿದೆ.