ಇಸಬಿಗೆ ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆ ಯಾಕೆ?

ಸಣ್ಣ ಊರಿನ ಮೆಡಿಕಲ್ ಶಾಪ್‌ಗಳಲ್ಲೂ ಈಗ ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಕ್ಯಾಪ್ಸೂಲ್, ಕ್ರೀಮು ಸಿಗುತ್ತವೆ. ಒಣಚರ್ಮ, ಮೊಡವೆ, ಇಸಬು ಎಲ್ಲಕ್ಕೂ ಇದೇ ಮದ್ದು ಎಂದು ರೀಲ್ಸ್ ಮಾಡುವವರಿಗೂ ಬರವಿಲ್ಲ. ಮೈಗೆ ಹಚ್ಚುವ ಎಣ್ಣೆ ಎಂದರೆ ನನ್ನದೇನೂ ತಕರಾರಿಲ್ಲ. ಇಸಬಿನ ಔಷಧಿ ಎಂದು ಮಾರುವುದಕ್ಕೆ ಇದೆ.

ಗಿಡ ಉತ್ತರ ಅಮೆರಿಕದ್ದು. ಹಳದಿ ಹೂ ಸಂಜೆ ಅರಳುವುದರಿಂದ ಆ ಹೆಸರು. ಬೀಜದ ಎಣ್ಣೆಯಲ್ಲಿ ನೂರಕ್ಕೆ ಸುಮಾರು 70 ಪಾಲು ಲಿನೋಲಿಕ್ ಆಮ್ಲ, 8ರಿಂದ 10 ಪಾಲು ಜಿಎಲ್‌ಎ ಎಂಬ ಇನ್ನೊಂದು ಕೊಬ್ಬಿನಾಮ್ಲ. ಬೆಲೆ ಏರುವುದು ಈ ಎರಡನೆಯದರ ಹೆಸರಿನಲ್ಲೇ. ಇಸಬು ಇರುವವರ ದೇಹ ಮೊದಲನೆಯದನ್ನು ಎರಡನೆಯದಾಗಿ ಸರಿಯಾಗಿ ಬದಲಿಸಿಕೊಳ್ಳುವುದಿಲ್ಲ, ಹಾಗಾಗಿ ನೇರವಾಗಿ ಕೊಟ್ಟುಬಿಟ್ಟರೆ ವಾಸಿಯಾದೀತು ಎಂಬುದು ವಾದ. ಕೇಳಲು ಚೆನ್ನಾಗಿದೆ, ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಬ್ರಿಟನ್ನಿನಲ್ಲಿ ವೈದ್ಯರೇ ಇಸಬಿಗೆ ಬರೆದುಕೊಡುತ್ತಿದ್ದ ಈ ಎಣ್ಣೆಯ ಕ್ಯಾಪ್ಸೂಲಿನ ಪರವಾನಗಿಯನ್ನು, ಗುಣವಾಗುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲವೆಂದು 2002ರಲ್ಲಿ ಹಿಂದಕ್ಕೆ ಪಡೆದರು. 2013ರಲ್ಲಿ ಕೊಕ್ರೇನ್ ಸಂಸ್ಥೆಯ ವಿಮರ್ಶೆ ಇದೂ ಸೇರಿ ಜಿಎಲ್‌ಎ ಇರುವ ಎರಡು ಎಣ್ಣೆಗಳ ಮೇಲಿನ 27 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿತು. ನುಂಗಿದ ಎಣ್ಣೆ, ಔಷಧವಿಲ್ಲದ ಡಮ್ಮಿ ಕ್ಯಾಪ್ಸೂಲಿಗಿಂತ ಹೆಚ್ಚೇನೂ ಮಾಡಿರಲಿಲ್ಲ. ಎರಡೂ ಗುಂಪಿನವರಿಗೆ ಸ್ವಲ್ಪ ಸ್ವಲ್ಪ ಕಡಿಮೆಯಾಗಿತ್ತು. "ನಮ್ಮ ಅತ್ತೆಗೆ ಗುಣ ಕಂಡಿತು" ಎನ್ನುವವರು ಸುಳ್ಳು ಹೇಳುತ್ತಿಲ್ಲ, ಇಸಬು ಹಾಗೆಯೇ ಏರಿಳಿಯುವ ಕಾಯಿಲೆ.

ಇನ್ನು ಹಚ್ಚುವ ಮಾತು. ಚರ್ಮದ ಮೇಲ್ಪದರ ಗಟ್ಟಿಯಿರಲು ಲಿನೋಲಿಕ್ ಆಮ್ಲ ಬೇಕು, ನಿಜ. ಆದರೆ ಅದು ನಮ್ಮ ಉತ್ತರ ಕರ್ನಾಟಕದ ಕುಸುಬಿ ಎಣ್ಣೆಯಲ್ಲೂ ಅಷ್ಟೇ ಇದೆ. ಅಣ್ಣಿಗೇರಿಯ ಹೆಸರಿನಲ್ಲೇ ಒಂದು ಕುಸುಬಿ ತಳಿ ಇದೆ. (ಅದರ ಮುಳ್ಳಿಗೆ ಹೆದರಿ ಕಟಾವಿಗೆ ಆಳು ಸಿಗುವುದಿಲ್ಲ, ಅದು ಬೇರೆ ಕಥೆ.) ಕುಸುಬಿ ಇಸಬಿಗೆ ಮದ್ದು ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಫಾರ್ವರ್ಡ್ ಮಾಡಬೇಡಿ. ಇಂಥ ಎಣ್ಣೆಗಳೆಲ್ಲ ಬಿಸಿಲಿಗೆ, ಗಾಳಿಗೆ ಬೇಗ ಕಮಟುತ್ತವೆ. ಕಲಬುರಗಿಯ ಮೇ ತಿಂಗಳಲ್ಲಿ ಅಂಗಡಿಯ ಗಾಜಿನ ಕಪಾಟಿನಲ್ಲಿ ಕುಳಿತ ದುಬಾರಿ ಬಾಟಲಿಯ ಗತಿ ಏನು, ಯೋಚಿಸಿ.

ಇಷ್ಟಾದರೂ ಬೇಕೆನಿಸಿದರೆ ಹಚ್ಚಿಕೊಳ್ಳಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಕ್ಯಾಪ್ಸೂಲ್ ನುಂಗಬಾರದು. ಮಗುವಿನ ಮೊಣಕೈ ಸಂದಿಯಲ್ಲಿ ಕೆರೆದು ರಕ್ತ ಬರುತ್ತಿದ್ದರೆ, ಸ್ನಾನ ಮಾಡಿಸಿದ ಕೂಡಲೇ ಸಾದಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಚರ್ಮದ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಆ ಬಾಟಲಿಯ ದುಡ್ಡು ಬಸ್ ಚಾರ್ಜಿಗಾದರೂ ಆದೀತು.