ಮಕ್ಕಳ ಮೊದಲ ಬಟವಾಡೆ



ಶಾಲೆಗೆ ಬೇಸಿಗೆ ರಜೆ ಬಿಟ್ಟ ಮೊದಲನೆಯ ವಾರದಲ್ಲಿ ತಾಯಿಯೊಬ್ಬರು ನಮ್ಮ ಬಳಿಗೆ ಬಂದಿದ್ದರು. ಇಪ್ಪತ್ತು ವರ್ಷಗಳಿಂದ ಚಹಾ ಎಲೆ ಕೀಳುತ್ತಿರುವ ಕೈ ಅವರದು. ಕುಳಿತುಕೊಳ್ಳುವ ಮೊದಲೇ ಕೇಳಿದರು: "ಅಯ್ಯಾ, ನನ್ನ ಮಗನಿಗೆ ಹದಿನಾರು ತುಂಬಿತು. ಎರಡು ತಿಂಗಳು ಸುಮ್ಮನೆ ಕೂತಿರ್ತಾನೆ. ಕೋಯಮುತ್ತೂರಿಗೆ ಕೆಲಸಕ್ಕೆ ಕರೀತಿದ್ದಾರೆ. ಕಳಿಸಲಾ, ಬೇಡವಾ?"

ನಾವು ಥಟ್ಟನೆ ಉತ್ತರ ಹೇಳಲಾಗಲಿಲ್ಲ. ಆ ಒಂದು ಪ್ರಶ್ನೆಯೊಳಗೆ ಎರಡು ಭಯಗಳಿದ್ದವು. ಕೆಲಸವಿಲ್ಲದೆ ತಿರುಗುವ ಹುಡುಗ ಕೆಟ್ಟ ಸಹವಾಸಕ್ಕೆ ಬೀಳುತ್ತಾನೆಂಬುದು ಒಂದು. ಕೈಯಲ್ಲಿ ಕಾಸು ಕಂಡ ಹುಡುಗ ಮತ್ತೆ ಪುಸ್ತಕ ಮುಟ್ಟುವುದಿಲ್ಲವೆಂಬುದು ಇನ್ನೊಂದು. ಎರಡೂ ಸುಳ್ಳು ಭಯಗಳಲ್ಲ. ನಮ್ಮ ಲೈನ್ ಮನೆಗಳಲ್ಲಿ ಎರಡಕ್ಕೂ ಸಾಕ್ಷಿಗಳಿದ್ದಾರೆ.

ಇದೇ ಪ್ರಶ್ನೆಯನ್ನು ಅಮೇರಿಕದ ದೊಡ್ಡ ನಗರಗಳು ಅರವತ್ತು ವರ್ಷಗಳಿಂದ ತಮಗೆ ತಾವೇ ಕೇಳಿಕೊಳ್ಳುತ್ತಾ ಬಂದಿವೆ. ಒಂದು ಉತ್ತರವನ್ನು ಮಾಡಿ ನೋಡಿವೆ. ಮಾಡಿದ್ದನ್ನು ಲೆಕ್ಕ ಹಾಕಿಯೂ ನೋಡಿವೆ. ಐಶ್ವರ್ಯವಂತ ದೇಶದ ಸಂಗತಿ ಎಸ್ಟೇಟಿನ ನಮಗೇಕೆ ಎಂದು ವಾಚಕರು ಪುಟ ತಿರುಗಿಸಬಾರದು. ಆ ದೇಶದಲ್ಲಿಯೂ ಬಡವರ ಬೀದಿಗಳಿವೆ. ಆ ಬೀದಿಗಳ ತಾಯಂದಿರಿಗೂ ಇದೇ ಎರಡು ಭಯಗಳಿವೆ.

ಅಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಬಹಳ ದೀರ್ಘ. ಜೂನ್ ತಿಂಗಳಲ್ಲಿ ಮುಚ್ಚಿದ ಶಾಲೆ ತೆರೆಯುವಾಗ ಆಗಸ್ಟ್ ಕೊನೆಯೋ ಸೆಪ್ಟೆಂಬರೋ ಆಗಿರುತ್ತದೆ. ಉಳ್ಳವರ ಮಕ್ಕಳು ಪ್ರವಾಸಕ್ಕೋ ಶಿಬಿರಕ್ಕೋ ಹೋಗುತ್ತಾರೆ. ತಂದೆಯ ಪರಿಚಯದಿಂದ ಒಂದು ಕಛೇರಿಯಲ್ಲಿ ಸಣ್ಣ ಕೆಲಸವೂ ಅವರಿಗೆ ಸಿಕ್ಕುತ್ತದೆ. ಬಡವರ ಮಕ್ಕಳಿಗೆ ಪರಿಚಯವೂ ಇಲ್ಲ, ಕೆಲಸವೂ ಇಲ್ಲ. ಅವರ ಪಾಲಿಗೆ ಉಳಿಯುವುದು ಬೀದಿ. 1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಸರ್ಕಾರ ಬಡತನದ ವಿರುದ್ಧ ಒಂದು ದೊಡ್ಡ ಕಾನೂನು ಮಾಡಿದಾಗ ಬಡ ಕುಟುಂಬಗಳ ಯುವಕ ಯುವತಿಯರಿಗೆ ಕೂಲಿ ಕೊಟ್ಟು ಕೆಲಸ ಕೊಡುವ ಯೋಜನೆಯೂ ಅದರಲ್ಲಿ ಸೇರಿತು. ಮರು ವರ್ಷ, 1965ರ ಆಗಸ್ಟ್‌ನಲ್ಲಿ, ಲಾಸ್ ಏಂಜಲೀಸ್ ನಗರದ ವಾಟ್ಸ್ ಎಂಬ ಬಡಾವಣೆ ಹೊತ್ತಿ ಉರಿಯಿತು. ಬೇಸಿಗೆಯಲ್ಲಿ ಯುವಜನರಿಗೆ ಕೆಲಸವಿಲ್ಲದಿರುವುದು ಮನೆಯೊಳಗಿನ ಚಿಂತೆ ಮಾತ್ರವಲ್ಲ, ಊರಿನ ಚಿಂತೆ ಎಂಬುದು ಆ ಕಾಲದಲ್ಲಿ ಆಳುವವರಿಗೂ ಅರ್ಥವಾಯಿತು.

ಈ ಯೋಜನೆ ನಡೆಯುವ ಬಗೆಯನ್ನು ನ್ಯೂಯಾರ್ಕ್ ನಗರದಿಂದ ತಿಳಿಯಬಹುದು. ಆ ದೇಶದಲ್ಲಿ ಇಂಥವುಗಳಲ್ಲೆಲ್ಲಾ ದೊಡ್ಡದು ಅಲ್ಲಿಯದೇ. 14ರಿಂದ 24 ವರ್ಷದವರು ಅರ್ಜಿ ಹಾಕಬಹುದು. ಕೆಲಸ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಆರು ವಾರ ಮಾತ್ರ. 16 ದಾಟಿದವರಿಗೂ ವಾರಕ್ಕೆ 25 ಗಂಟೆಗಿಂತ ಹೆಚ್ಚು ಕೆಲಸವಿಲ್ಲ. ಅದಕ್ಕಿಂತ ಚಿಕ್ಕವರಿಗೆ ಕೆಲಸಕ್ಕಿಂತ ಕಲಿಕೆಯೇ ಹೆಚ್ಚು. ಅವರಿಗೂ ಒಂದು ಮೊತ್ತ ಸಲ್ಲುತ್ತದೆ. ಚಿಕ್ಕ ಮಕ್ಕಳ ಶಿಬಿರ, ಶಿಶುವಿಹಾರ, ಆಸ್ಪತ್ರೆ, ಗ್ರಂಥಾಲಯ, ಸರ್ಕಾರಿ ಕಛೇರಿ, ಅಂಗಡಿ, ಹೀಗೆ ನಾನಾ ಕಡೆ ಇವರನ್ನು ಹಂಚುತ್ತಾರೆ. ಕೆಲಸ ತೋರಿಸುವವರು ಯಾರೇ ಆಗಿರಲಿ, ಸಾಮಾನ್ಯವಾಗಿ ಕೂಲಿ ಕೊಡುವುದು ನಗರಾಡಳಿತ. ಇರುವ ಜಾಗಗಳಿಗಿಂತ ಅರ್ಜಿಗಳು ಎಷ್ಟೋ ಹೆಚ್ಚು ಬರುವುದರಿಂದ ಚೀಟಿ ಎತ್ತಿ ಆರಿಸುವ ಪದ್ಧತಿ ಬಂತು. ಮೇಸ್ತ್ರಿಯ ಶಿಫಾರಸಿಗೂ ರೈಟರನ ದಾಕ್ಷಿಣ್ಯಕ್ಕೂ ಚೀಟಿ ಎತ್ತುವಲ್ಲಿ ಎಡೆಯಿಲ್ಲ.

ಚೀಟಿ ಎತ್ತಿದ್ದರಿಂದ ಇನ್ನೊಂದು ಉಪಕಾರವೂ ಆಯಿತು. ಕೆಲಸ ಸಿಕ್ಕಿದವರೂ ಸಿಕ್ಕದವರೂ ಒಂದೇ ತರಹದ ಮಕ್ಕಳು, ಬೇರೆಯಾದದ್ದು ಅದೃಷ್ಟವೊಂದೇ. ಆದುದರಿಂದ ಮುಂದೆ ಈ ಎರಡು ಗುಂಪುಗಳ ಬಾಳು ಏನಾಯಿತೆಂದು ಹೋಲಿಸಿದರೆ ಆ ಕೆಲಸ ಮಾಡಿದ್ದೇನೆಂದು ತಿಳಿಯುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ನ್ಯೂಯಾರ್ಕಿನಲ್ಲಿ ಹೀಗೆ ಚೀಟಿಗೆ ನಿಂತಿದ್ದ 2,94,100 ಮಂದಿಯ ದಾಖಲೆಗಳನ್ನು ತೆರಿಗೆ, ಸೆರೆಮನೆ ಮತ್ತು ಮರಣದ ದಾಖಲೆಗಳೊಂದಿಗೆ ಸೇರಿಸಿ ನೋಡಿತು.

ಅದರಲ್ಲಿ ಕಂಡುಬಂದದ್ದನ್ನು ವಾಚಕರು ಗಮನವಿಟ್ಟು ಓದಬೇಕು. ಕೆಲಸ ಮಾಡಿದ ಆ ವರ್ಷ ಮಕ್ಕಳ ಸಂಪಾದನೆ ಹೆಚ್ಚಿತು. ಆದರೆ ಮುಂದಿನ ಮೂರು ವರ್ಷಗಳಲ್ಲಿ ಅವರ ಸಂಪಾದನೆ ಹೆಚ್ಚಲಿಲ್ಲ. ತುಸು ಕಡಿಮೆಯೇ ಆಯಿತು. ಕಾಲೇಜು ಸೇರುವುದರಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಅಷ್ಟೊಂದು ಹಣ ವ್ಯರ್ಥವಾಯಿತೇ? ಇಲ್ಲ. ಕೆಲಸ ಸಿಕ್ಕಿದ ಗುಂಪಿನಲ್ಲಿ ಸೆರೆಮನೆಗೆ ಹೋದವರು ಕಡಿಮೆ. ಸತ್ತವರೂ ಕಡಿಮೆ. ಬೇಸಿಗೆಯ ಆ ಕೆಲಸ ಕೆಲವು ಮಕ್ಕಳ ಪ್ರಾಣವನ್ನೇ ಉಳಿಸಿತು.

ಚಿಕಾಗೋ ನಗರದ ಲೆಕ್ಕವೂ ಇದನ್ನೇ ಹೇಳುತ್ತದೆ. 2012ರ ಬೇಸಿಗೆಯಲ್ಲಿ ಹೊಡೆದಾಟ ಗುಂಡೇಟುಗಳು ಹೆಚ್ಚಾಗಿದ್ದ ಬಡಾವಣೆಗಳ 13 ಪ್ರೌಢಶಾಲೆಗಳಿಂದ 1,634 ವಿದ್ಯಾರ್ಥಿಗಳು ಚೀಟಿಗೆ ನಿಂತರು. ಚೀಟಿ ಬಂದವರಿಗೆ ಎಂಟು ವಾರ, ವಾರಕ್ಕೆ 25 ಗಂಟೆ, ಆ ರಾಜ್ಯದ ಕನಿಷ್ಠ ಕೂಲಿಯಾದ ಗಂಟೆಗೆ 8.25 ಡಾಲರಿನಂತೆ ಕೊಟ್ಟರು. ಕೆಲಸಕ್ಕೆ ಹಚ್ಚಿ ಕೈಬಿಡಲಿಲ್ಲ. ಹೊತ್ತಿಗೆ ಸರಿಯಾಗಿ ಬರುವುದು ಹೇಗೆ, ಮೇಲಿನವರು ಗದರಿದರೆ ತಾಳಿಕೊಳ್ಳುವುದು ಹೇಗೆ ಎಂದು ಹೇಳಿಕೊಡಲು ಹಿರಿಯರೊಬ್ಬರನ್ನು ಜೊತೆಗೆ ಇಟ್ಟರು. ಮುಂದಿನ 16 ತಿಂಗಳಲ್ಲಿ ಹಿಂಸೆಯ ಅಪರಾಧಗಳಿಗಾಗಿ ಈ ಮಕ್ಕಳು ಪೊಲೀಸರ ಕೈಗೆ ಸಿಕ್ಕುವುದು ಶೇಕಡಾ 43ರಷ್ಟು ಕಡಿಮೆಯಾಯಿತು. ನೂರು ಮಕ್ಕಳಿಗೆ ಸುಮಾರು ನಾಲ್ಕು ಬಂಧನಗಳು ತಪ್ಪಿದವು. ಈ ಇಳಿತದ ಹೆಚ್ಚಿನ ಭಾಗ ಕಂಡದ್ದು ಕೆಲಸದ ಎಂಟು ವಾರಗಳು ಮುಗಿದ ಮೇಲೆ. ಕೈ ಬಿಡುವಿಲ್ಲದೆ ಇದ್ದುದರಿಂದ ಜಗಳ ತಪ್ಪಿತು ಎಂದಷ್ಟೇ ಹೇಳಿದರೆ ಇದಕ್ಕೆ ವಿವರಣೆಯಾಗದು. ಹುಡುಗನ ಒಳಗೇ ಏನೋ ನೆಲೆಗೊಂಡಿರಬೇಕು.

ಅದೇನೆಂದು ಕೂಲಿ ಮಾಡಿ ಉಂಡ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಚೆಕ್‌ರೋಲಿನಲ್ಲಿ ತನ್ನ ಹೆಸರು ಕರೆದಾಗ "ಇದ್ದೇನೆ" ಎನ್ನುವವನಿಗೆ ತಾನು ಬೇಕಾದವನೆಂಬ ಅರಿವು ಹುಟ್ಟುತ್ತದೆ. ದ್ರಾಕ್ಷಿತೋಟದ ಸಾಮ್ಯವನ್ನು ನಾವೆಲ್ಲರೂ ಕೇಳಿದ್ದೇವೆ. ಸಂಜೆಯ ತನಕ ಪೇಟೆಯಲ್ಲಿ ನಿಂತಿದ್ದವರು ಸೋಮಾರಿಗಳಾಗಿರಲಿಲ್ಲ. ಅವರನ್ನು ಯಾರೂ ಕರೆದಿರಲಿಲ್ಲ.

ಆದರೆ ಇಂಥ ಯೋಜನೆಗಳ ಗತಿಯನ್ನೂ ಹೇಳಬೇಕು. ಹಣ ಮುಗ್ಗಟ್ಟಾದಾಗ ಮೊದಲು ಕತ್ತರಿ ಬೀಳುವುದು ಇವುಗಳ ಮೇಲೆಯೇ. 1998ರ ಕಾನೂನು ಬೇಸಿಗೆ ಕೆಲಸಕ್ಕೆಂದು ಕೇಂದ್ರ ಸರ್ಕಾರ ಪ್ರತ್ಯೇಕವಾಗಿ ಕೊಡುತ್ತಿದ್ದ ಹಣವನ್ನು ನಿಲ್ಲಿಸಿತು. ಆಮೇಲೆ ನಗರಗಳು ತಾವೇ ಹಣ ಹೊಂದಿಸಬೇಕಾಯಿತು. 2009ರ ಆರ್ಥಿಕ ಕುಸಿತದ ಕಾಲದಲ್ಲಿ ಮತ್ತೆ ಕೇಂದ್ರದ ಹಣ ಬಂದು, ಆ ಬೇಸಿಗೆಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಯುವಜನರಿಗೆ ಕೆಲಸ ಸಿಕ್ಕಿತು. 2020ರ ಏಪ್ರಿಲ್‌ನಲ್ಲಿ ಕೊರೋನಾ ಬಂದಾಗ ನ್ಯೂಯಾರ್ಕ್ ನಗರಾಡಳಿತ ಆ ವರ್ಷದ ಬೇಸಿಗೆ ಕೆಲಸವನ್ನು ಪೂರ್ತಿ ರದ್ದು ಮಾಡಿತು. ಮಕ್ಕಳೇ ಮುಂದೆ ಬಂದು ಪ್ರತಿಭಟಿಸಿದರು. ಹಲವರು ಅವರಿಗೆ ದನಿಗೂಡಿಸಿದರು. ಕೊನೆಗೆ ಅದರಲ್ಲಿ ಒಂದು ಪಾಲನ್ನು ಹಿಂದಕ್ಕೆ ಪಡೆದರು. 2022ರಲ್ಲಿ ಯುವಜನರ ಬೇಸಿಗೆ ಕೆಲಸಗಳನ್ನು ಒಂದು ಲಕ್ಷಕ್ಕೆ ಏರಿಸುವುದಾಗಿ ಅದೇ ನಗರಾಡಳಿತ ಘೋಷಿಸಿತು. ಕೇಳದವರಿಗೆ ಯಾರೂ ಕೊಡಲಿಲ್ಲವೆಂಬುದು ಈ ಕಥೆಯ ಪಾಠ.

ಈಗ ವಾಚಕರ ಮನಸ್ಸಿನಲ್ಲಿ ಒಂದು ಆಕ್ಷೇಪಣೆ ಎದ್ದಿರಬಹುದು. ಮಕ್ಕಳನ್ನು ತೋಟದಿಂದ ಬಿಡಿಸಿ ಶಾಲೆಗೆ ಕಳುಹಿಸಲು ನಮ್ಮ ಹಿರಿಯರು ಪಟ್ಟ ಪಾಡೆಷ್ಟು! 1951ರ ತೋಟ ಕಾರ್ಮಿಕರ ಕಾನೂನು ಕೂಡ ಮೊದಲಿಗೆ 12 ವರ್ಷ ತುಂಬಿದ ಮಗುವನ್ನು ಕೆಲಸಕ್ಕೆ ಹಚ್ಚಲು ಬಿಟ್ಟಿತ್ತು. ಪುಟ್ಟ ಬೆನ್ನುಗಳ ಮೇಲೆ ಎಲೆಯ ಮೂಟೆ ಹೊತ್ತವರು ಇನ್ನೂ ನಮ್ಮ ನಡುವೆ ಇದ್ದಾರೆ. ಹೀಗಿರುವಾಗ ಮಕ್ಕಳ ದುಡಿಮೆಯನ್ನು ಈ ಪತ್ರಿಕೆ ಹೊಗಳಬಹುದೇ?

ಹೊಗಳುವುದಿಲ್ಲ. ನಮ್ಮ ಮಾತು ಸ್ಪಷ್ಟವಾಗಿರಲಿ. 14 ವರ್ಷದೊಳಗಿನ ಮಗುವಿನ ಜಾಗ ಶಾಲೆ ಮತ್ತು ಆಟದ ಬಯಲು. 2016ರಲ್ಲಿ ತಿದ್ದುಪಡಿಯಾದ ನಮ್ಮ ದೇಶದ ಕಾನೂನು, ಮನೆಯವರ ಸ್ವಂತ ಕಸುಬಿನಂಥ ಒಂದೆರಡು ವಿನಾಯಿತಿಗಳನ್ನು ಬಿಟ್ಟರೆ, ಆ ವಯಸ್ಸಿನವರ ಕೆಲಸವನ್ನು ಪೂರ್ತಿ ನಿಷೇಧಿಸಿದೆ. 14ರಿಂದ 18ರ ನಡುವಿನವರನ್ನು ಅಪಾಯದ ಕೆಲಸಗಳಿಗೆ ಹಚ್ಚಕೂಡದೆಂದೂ ಹೇಳಿದೆ. ನಾವು ಮಾತಾಡುತ್ತಿರುವುದು ಆ ನಡುವಿನ ವಯಸ್ಸಿನವರ ವಿಷಯ. ಅವರು ಈಗಲೂ ಕೆಲಸಕ್ಕೆ ಹೋಗುತ್ತಲೇ ಇದ್ದಾರೆ. ಆದರೆ ಬೇಲಿಯಿಲ್ಲದ ಕೆಲಸಕ್ಕೆ. ರಜೆಗೆಂದು ಪೇಟೆಗೆ ಹೋದ ಹುಡುಗ ಬೇಕರಿಯಲ್ಲೋ ಬನಿಯನ್ ಕಂಪನಿಯಲ್ಲೋ ಉಳಿದುಬಿಡುತ್ತಾನೆ. ಪಶ್ಚಿಮ ತಮಿಳುನಾಡಿನ ನೂಲಿನ ಗಿರಣಿಗಳಲ್ಲಿ "ಸುಮಂಗಲಿ" ಎಂಬ ಹೆಸರಿನಲ್ಲಿ ಹದಿಹರೆಯದ ಹೆಣ್ಣುಮಕ್ಕಳನ್ನು ಮೂರು ವರ್ಷಕ್ಕೆ ಕರೆದೊಯ್ದು, ಮದುವೆಗೆ ಆಗುತ್ತದೆಂದು ಕೊನೆಯಲ್ಲಿ ಒಂದು ಇಡುಗಂಟು ಕೊಡುವ ಮಾತು ಆಡಿ ದುಡಿಸಿಕೊಂಡದ್ದು ಎಲ್ಲರಿಗೂ ಗೊತ್ತಿರುವ ಸಂಗತಿ.

ಅಮೇರಿಕದ ನಗರಗಳಿಂದ ನಾವು ತೆಗೆದುಕೊಳ್ಳಬೇಕಾದದ್ದು ಬೇಲಿ ಹಾಕುವ ಬಗೆಯನ್ನು. ಆ ಬೇಲಿಗೆ ಐದು ಕಂಬಗಳು. ಒಂದು, ಮುಗಿಯುವ ದಿನ ಮೊದಲೇ ಗೊತ್ತಿರಬೇಕು, ಅದು ಶಾಲೆ ತೆರೆಯುವುದಕ್ಕಿಂತ ಮುಂಚೆ ಇರಬೇಕು. ಎರಡು, ಗಂಟೆಗಳಿಗೆ ಮಿತಿಯಿರಬೇಕು. ಮೂರು, ಕೂಲಿ ನ್ಯಾಯವಾದದ್ದಾಗಿ, ಕಾಲಕಾಲಕ್ಕೆ, ದುಡಿದವನ ಹೆಸರಿನಲ್ಲಿಯೇ ಬರಬೇಕು. ಮೂರು ವರ್ಷದ ಮೇಲೆ ಕೊಡುತ್ತೇವೆಂಬ ಕೂಲಿ ಕೂಲಿಯಲ್ಲ, ಹಗ್ಗ. ನಾಲ್ಕು, ಜವಾಬ್ದಾರಿ ಹೊತ್ತ ಹಿರಿಯರೊಬ್ಬರು ಜೊತೆಗಿರಬೇಕು, ಅವರ ಹೆಸರು ತಾಯಿಗೆ ತಿಳಿದಿರಬೇಕು. ಐದು, ಮಕ್ಕಳನ್ನು ಹಾಕಿಕೊಂಡು ದೊಡ್ಡವರನ್ನು ಕೆಲಸದಿಂದ ತೆಗೆಯಕೂಡದು. ಸರ್ಕಾರದ ಹಣದಿಂದ ಕೆಲಸಕ್ಕೆ ಬಂದವರು ಇರುವ ಕೆಲಸಗಾರರನ್ನು ಹೊರದೂಡಬಾರದೆಂಬ ನಿಯಮವನ್ನು ಅಮೇರಿಕದ 1998ರ ಮತ್ತು 2014ರ ಕಾನೂನುಗಳಲ್ಲಿ ಬರೆದಿದ್ದಾರೆ. ನಮ್ಮ ಸಂಘಗಳು ಇದನ್ನು ಮರೆಯಬಾರದು.

ನಮ್ಮ ಸರ್ಕಾರ 2024ರಲ್ಲಿ ದೊಡ್ಡ ಕಂಪನಿಗಳಲ್ಲಿ ಒಂದು ವರ್ಷದ ತರಬೇತಿಗೆ ತಿಂಗಳಿಗೆ 5,000 ರೂಪಾಯಿ ಕೊಡುವ ಯೋಜನೆಯನ್ನು ತೆರೆಯಿತು. ಆದರೆ ಆಗ ಅದನ್ನು ತೆರೆದದ್ದು 21ರಿಂದ 24 ವರ್ಷದವರಿಗೆ. 1961ರ ಅಪ್ರೆಂಟಿಸ್ ಕಾನೂನು ಭತ್ಯೆಯೊಂದಿಗೆ ಕಸುಬು ಕಲಿಯುವ ದಾರಿಯನ್ನು ಇನ್ನೂ ಚಿಕ್ಕವರಿಗೂ ತೆರೆದಿದೆ. ಐಟಿಐಗಳಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಶಾಲೆಯಲ್ಲಿ ಓದುತ್ತಲೇ ಇರುವ ಹದಿನಾರರ ಹುಡುಗನಿಗೆ ರಜೆಯ ಎರಡು ತಿಂಗಳಿಗೆಂದು ಸರಿಹೊಂದುವ ಏರ್ಪಾಡು ಇವೆರಡರಲ್ಲಿಯೂ ಇಲ್ಲ.

ಅದನ್ನು ನಾವೇ ಕೇಳಬೇಕು. ಎಸ್ಟೇಟಿನಲ್ಲಿ ಶಿಶುವಿಹಾರವಿದೆ, ಔಷಧಾಲಯವಿದೆ, ಲೆಕ್ಕ ಬರೆಯುವ ಆಫೀಸಿದೆ. ಪಂಚಾಯತಿಯಲ್ಲಿ ಗ್ರಂಥಾಲಯವಿದೆ. ಔಷಧಿ ಸಿಂಪಡಿಸುವ, ಯಂತ್ರಕ್ಕೆ ಕೈಯೊಡ್ಡುವ, ಹೊರೆ ಹೊರುವ ಕೆಲಸ ಬೇಡ. ದಿನಕ್ಕೆ ನಾಲ್ಕು ಗಂಟೆ, ಆರು ವಾರ, ನ್ಯಾಯವಾದ ಕೂಲಿಗೆ, ಚೀಟಿ ಎತ್ತಿ ಆರಿಸಿದ ಹತ್ತು ಮಕ್ಕಳು ಇಲ್ಲಿ ಕೆಲಸ ಕಲಿತರೆ ಯಾವ ತೋಟವೂ ಮುಳುಗಿ ಹೋಗುವುದಿಲ್ಲ. ಸಂಘದ ಮುಂದಿನ ಸಭೆಯಲ್ಲಿ ಬೋನಸ್ಸಿನ ಮಾತಿನ ಜೊತೆಗೆ ಈ ಮಾತೂ ಏಳಲಿ. ಇದರಿಂದ ಮಕ್ಕಳು ನಾಳೆ ಹೆಚ್ಚು ಸಂಪಾದಿಸುತ್ತಾರೆಂದು ನಾವು ಆಸೆ ತೋರಿಸುವುದಿಲ್ಲ; ನ್ಯೂಯಾರ್ಕಿನ ಲೆಕ್ಕ ಹಾಗೆ ಹೇಳುವುದಿಲ್ಲ. ಅವರು ಕೈತಪ್ಪಿ ಹೋಗುವುದು ಕಡಿಮೆಯಾಗುತ್ತದೆ ಎಂದು ಹೇಳುತ್ತೇವೆ. ತಾಯಂದಿರಿಗೆ ಅದಕ್ಕಿಂತ ದೊಡ್ಡ ಲಾಭ ಯಾವುದು?

ಆ ದಿನ ಬಂದಿದ್ದ ತಾಯಿಗೆ ನಾವು ಹೇಳಿದ್ದು ಇಷ್ಟೇ: "ಅಮ್ಮಾ, ಕರೆಯಲು ಬಂದವರನ್ನು ಮೂರು ಮಾತು ಕೇಳಿ. ಎಂದು ಹಿಂದಕ್ಕೆ ಕಳಿಸುತ್ತೀರಿ? ಯಾರು ನೋಡಿಕೊಳ್ಳುತ್ತಾರೆ? ಕೂಲಿ ಯಾವಾಗ, ಯಾರ ಕೈಗೆ?" ಅವರು ಹೋಗಿ ಕೇಳಿದರು. ಬಂದವನು ಮೊದಲನೆಯ ಪ್ರಶ್ನೆಗೇ ನಕ್ಕು ಮಾತು ತೇಲಿಸಿದನಂತೆ. ಹುಡುಗ ಹೋಗಲಿಲ್ಲ. ಎರಡು ತಿಂಗಳು ಪಾಡಿಯ ಮೋರಿಯ ಮೇಲೆ ಕೂತೇ ಕಳೆದನು.

ಆ ಎರಡು ತಿಂಗಳಿಗೆ ಹುಡುಗನನ್ನು ದೂಷಿಸಲಾರೆವು. ಅವನನ್ನು ಕರೆಯಬೇಕಾದವರು ನಾವಾಗಿದ್ದೆವು, ನಾವು ಕರೆಯಲಿಲ್ಲ. ಮುಂದಿನ ಏಪ್ರಿಲ್ ಬರುವ ಮೊದಲು ಈ ಸಾಲವನ್ನು ತೀರಿಸೋಣ.