ವಾಪಸ್ ಹೋಗುವ ಪೆಟ್ರೋಲಿನ ಲೆಕ್ಕ

ಎನ್‌ಸಿಇಆರ್‌ಟಿಯವರು ಪಠ್ಯಭಾರ ಇಳಿಸುವಾಗ ಪ್ರಥಮ ಪಿಯು ಭೌತಶಾಸ್ತ್ರದ ಪುಸ್ತಕದಿಂದ ಅಳತೆಯ ದೋಷಗಳ ಭಾಗವನ್ನು ತೆಗೆದುಹಾಕಿದರು. ಸಾರ್ಥಕ ಅಂಕಿಗಳು ಉಳಿದವು, ಒಂದು ಅಳತೆಯಿಂದ ಇನ್ನೊಂದನ್ನು ಕಳೆದಾಗ ದೋಷ ಏನಾಗುತ್ತದೆ ಎಂಬ ಪುಟಗಳು ಹೋದವು. ಓದುವುದು ಕಡಿಮೆಯಾಯಿತಲ್ಲ ಎಂದು ನಮ್ಮಲ್ಲಿ ಬಹಳ ಮಂದಿಗೆ ಸಂತೋಷವೇ ಆಗಿದೆ. ಆ ಪುಟಗಳನ್ನು ನಮ್ಮ ಕಾಲೇಜಿನಲ್ಲಾದರೂ ಬಿಡಬಾರದು ಎನ್ನುವುದು ನನ್ನ ವಾದ. ಅದಕ್ಕೆ ಉದಾಹರಣೆಯಾಗಿ ಒಂದು ಸಣ್ಣ ವಿಮಾನದ ಪೆಟ್ರೋಲ್ ಪೈಪನ್ನು ತೆಗೆದುಕೊಳ್ಳುತ್ತೇನೆ.

ವಿಮಾನ ದೂರದ್ದಲ್ಲ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಅಂದರೆ ಎನ್‌ಎಎಲ್, ತಯಾರಿಸಿದ ‘ಹಂಸ’ ಎರಡು ಆಸನಗಳ ತರಬೇತಿ ವಿಮಾನ. ಹಂಸ-3ರಲ್ಲಿ ಇರುವುದು ರೋಟಾಕ್ಸ್ 914 ಇಂಜಿನ್. 2021ರ ಸೆಪ್ಟೆಂಬರ್ 3ರಂದು ಮೊದಲ ಬಾರಿ ಹಾರಿದ ಹಂಸ-ಎನ್‌ಜಿಯಲ್ಲಿ ರೋಟಾಕ್ಸ್ 912 ಐಎಸ್ ಮಾದರಿಯದು. ಎರಡರಲ್ಲೂ ಪಂಪು ಇಂಜಿನ್ನಿಗೆ ಬೇಕಾದದ್ದಕ್ಕಿಂತ ಹೆಚ್ಚು ಪೆಟ್ರೋಲನ್ನು ತಳ್ಳುತ್ತದೆ. ಉಳಿದದ್ದು ಒತ್ತಡ ನಿಯಂತ್ರಕದ ಮೂಲಕ ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೆ ಮರಳುತ್ತದೆ. ಒತ್ತಡ ಒಂದೇ ಸಮ ಇರಬೇಕು, ಬಿಸಿಗೆ ಹುಟ್ಟುವ ಆವಿಯ ಗುಳ್ಳೆಗಳು ಕೊಚ್ಚಿಕೊಂಡು ಹೋಗಬೇಕು, ಅದಕ್ಕಾಗಿ ಈ ವ್ಯವಸ್ಥೆ. ಇದೇನು ಹೊಸದಲ್ಲ. ಉಗಾರದ ಕಾರ್ಖಾನೆಗೆ ಕಬ್ಬು ಎಳೆಯುವ ಟ್ರ್ಯಾಕ್ಟರಿನ ಬಾನೆಟ್ ಎತ್ತಿ ನೋಡಿ, ಡೀಸೆಲ್ಲಿನ ರಿಟರ್ನ್ ಪೈಪು ಕಾಣುತ್ತದೆ.

ಈಗ ಪೈಲಟ್‌ಗೆ ತಿಳಿಯಬೇಕಾದದ್ದು ಇಂಜಿನ್ ಗಂಟೆಗೆ ಎಷ್ಟು ಲೀಟರ್ ಕುಡಿಯುತ್ತಿದೆ ಎಂಬುದು. ಪೈಪಿನಲ್ಲಿ ಒಂದು ಮೀಟರು ಕೂರಿಸುತ್ತಾರೆ. ಅದರೊಳಗೆ ಚಿಕ್ಕ ಚಕ್ರ, ಪೆಟ್ರೋಲ್ ಹರಿದಂತೆ ತಿರುಗುತ್ತದೆ, ಸುತ್ತುಗಳನ್ನು ಎಲೆಕ್ಟ್ರಾನಿಕ್ಸ್ ಎಣಿಸುತ್ತದೆ. ಆದರೆ ಅದನ್ನು ಹೋಗುವ ಪೈಪಿನಲ್ಲಿ ಮಾತ್ರ ಇಟ್ಟರೆ ಪಂಪು ತಳ್ಳಿದ್ದೆಲ್ಲವೂ ಖರ್ಚು ಎಂದು ತೋರಿಸುತ್ತದೆ. ಹಾಗಾದರೆ ವಾಪಸ್ ಪೈಪಿನಲ್ಲೂ ಒಂದನ್ನು ಇಟ್ಟು ಕಳೆದರಾಯಿತು ಎನ್ನುತ್ತೀರಿ. ತೊಂದರೆ ಇರುವುದು ಆ ಕಳೆಯುವುದರಲ್ಲೇ.

ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾನೇ ಇಟ್ಟುಕೊಳ್ಳುತ್ತೇನೆ. ಗಂಟೆಗೆ 100 ಲೀಟರ್ ಹೋಗುತ್ತದೆ, 80 ಲೀಟರ್ ವಾಪಸ್ ಬರುತ್ತದೆ, ಖರ್ಚು 20. ಎರಡೂ ಮೀಟರುಗಳು ಶೇಕಡಾ 1ರಷ್ಟು ಮಾತ್ರ ತಪ್ಪಬಹುದು, ಅಂದರೆ ಒಳ್ಳೆಯ ಮೀಟರುಗಳೇ. ಮೊದಲನೆಯದರಲ್ಲಿ 1 ಲೀಟರ್, ಎರಡನೆಯದರಲ್ಲಿ 0.8 ಲೀಟರ್ ಹೆಚ್ಚುಕಡಿಮೆ. ಅಳತೆಗಳನ್ನು ಕಳೆಯುತ್ತೇವೆ, ದೋಷಗಳನ್ನು ಮಾತ್ರ ಕೂಡಿಸಬೇಕು: 1.8 ಲೀಟರ್. 20 ಲೀಟರಿಗೆ 1.8 ಎಂದರೆ ಶೇಕಡಾ 9. ಶೇಕಡಾ 1ರ ಮೀಟರು ಕೊಂಡವನ ಕೈಗೆ ಬಂದದ್ದು ಶೇಕಡಾ 9ರ ಉತ್ತರ! ಪುಸ್ತಕದಿಂದ ಹೋದದ್ದು ಇದೇ ಪಾಠ.

ಇಷ್ಟಕ್ಕೇ ಮುಗಿಯುವುದಿಲ್ಲ. ವಾಪಸ್ ಬರುವ ಪೆಟ್ರೋಲ್ ಇಂಜಿನ್ನಿನ ಹತ್ತಿರ ಸುತ್ತಿ ಬಿಸಿಯಾಗಿರುತ್ತದೆ. ಪೆಟ್ರೋಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡಾ 0.1ರಷ್ಟು ಹಿಗ್ಗುತ್ತದೆ. 20 ಡಿಗ್ರಿ ಹೆಚ್ಚು ಬಿಸಿಯಾದರೆ 80 ಲೀಟರ್ 81.6 ಲೀಟರ್ ಜಾಗ ಹಿಡಿಯುತ್ತದೆ. ಮೀಟರು ಅಳೆಯುವುದು ಗಾತ್ರವನ್ನು. ಹಾಗಾಗಿ ಖರ್ಚು 20ರ ಬದಲು 18.4 ಎಂದು ತೋರುತ್ತದೆ. ಗುಳ್ಳೆಗಳಿದ್ದರೆ ಅವೂ ಚಕ್ರವನ್ನು ತಿರುಗಿಸಿ ವಾಪಸ್ ಲೆಕ್ಕವನ್ನು ಹಿಗ್ಗಿಸುತ್ತವೆ. ಗಮನಿಸಿ, ಎರಡು ತಪ್ಪುಗಳೂ ಒಂದೇ ದಿಕ್ಕಿನವು: ಖರ್ಚು ಕಡಿಮೆ ಇದೆ ಎಂದು ನಂಬಿಸುವ ದಿಕ್ಕು. ಟ್ಯಾಂಕಿನಲ್ಲಿ 80 ಲೀಟರ್ ಇದ್ದರೆ ನಿಜಕ್ಕೂ ಹಾರಬಹುದಾದದ್ದು 4 ಗಂಟೆ, ಮೀಟರು ಹೇಳುವುದು 4 ಗಂಟೆ 21 ನಿಮಿಷ. ಅಮೆರಿಕದ ನಿಯಮದಲ್ಲಿ ಹಗಲು ಹೊತ್ತು ಕಣ್ಣಳತೆಯಲ್ಲಿ ಹಾರುವ ವಿಮಾನ ಮೀಸಲಿಡಬೇಕಾದ ಇಂಧನ 30 ನಿಮಿಷಗಳದ್ದು. ಅದರಲ್ಲಿ 21 ನಿಮಿಷ ಇಲ್ಲೇ ಕರಗಿತು.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಸಾಧ್ಯವಾದ ಕಡೆ ಅವರು ಕಳೆಯುವುದನ್ನೇ ತಪ್ಪಿಸುತ್ತಾರೆ. ಕಾಂಟಿನೆಂಟಲ್ ಕಂಪನಿಯ ಇಂಜೆಕ್ಷನ್ ಇಂಜಿನ್ನುಗಳಲ್ಲಿ ವಾಪಸ್ ದಾರಿ ಕವಲೊಡೆದ ಮೇಲೆ, ಸಿಲಿಂಡರುಗಳಿಗೆ ಪೆಟ್ರೋಲ್ ಹಂಚುವ ಜಾಗದ ಮೊದಲು ಮೀಟರು ಇಡುತ್ತಾರೆ. ಅಲ್ಲಿ ಹರಿಯುವುದೆಲ್ಲ ಉರಿಯುವುದೇ. ರೋಟಾಕ್ಸ್ 912 ಐಎಸ್‌ನಲ್ಲಿ ಇಂಜಿನ್ನಿನ ಕಂಪ್ಯೂಟರ್ ಇಂಜೆಕ್ಟರು ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಖರ್ಚು ಲೆಕ್ಕ ಹಾಕುತ್ತದೆ. ಆಮೇಲೂ ಮೀಟರನ್ನು ಕುರುಡಾಗಿ ನಂಬುವುದಿಲ್ಲ. ಟ್ಯಾಂಕ್ ಪೂರ್ತಿ ತುಂಬಿಸಿ ಹಾರಿ, ಮತ್ತೆ ತುಂಬಿಸುವಾಗ ಎಷ್ಟು ಹಿಡಿಯಿತೆಂದು ನೋಡಿ ಹೋಲಿಸುತ್ತಾರೆ. ನಮ್ಮ ಟ್ರ್ಯಾಕ್ಟರ್ ಡ್ರೈವರುಗಳು ಟಾಕಿ ಫುಲ್ ಮಾಡಿಸಿ ಲೆಕ್ಕ ಹಿಡಿಯುವುದೂ ಹೀಗೆಯೇ. ರಿಟರ್ನ್ ಬಂದದ್ದು ಟಾಕಿಗೇ ಬಿದ್ದಿರುವುದರಿಂದ ಆ ಲೆಕ್ಕ ಸರಿಯಾಗಿಯೇ ಬರುತ್ತದೆ.

“ಪರೀಕ್ಷೆಗೆ ಬರದ್ದನ್ನು ಯಾಕೆ ಓದಬೇಕು?” ಎಂದು ಕೇಳುವವರಿಗೆ: ನೀಟ್ ಮತ್ತು ಜೆಇಇ ಪಠ್ಯಕ್ರಮಗಳಲ್ಲಿ ಅಳತೆಯ ದೋಷಗಳು ಇನ್ನೂ ಇವೆ. ಆದರೆ ನನ್ನ ಚಿಂತೆ ಅದಲ್ಲ. ದೋಷ ಎಂಬ ಮಾತೇ ಕಿವಿಗೆ ಬೀಳದ ವಿದ್ಯಾರ್ಥಿ, ಲೋಲಕದ ಪ್ರಯೋಗದಲ್ಲಿ ‘ಜಿ’ 9.8 ಬಾರದಿದ್ದರೆ ರೆಕಾರ್ಡಿನಲ್ಲಿ 9.8 ಬರುವ ಹಾಗೆ ಅಂಕಿ ತಿದ್ದುತ್ತಾನೆ. ಇದು ಯಾವ ಕಾಲೇಜಿಗೂ ಹೊಸದಲ್ಲ, ಪ್ರಾಯೋಗಿಕ ಪರೀಕ್ಷೆಯ 30 ಅಂಕಗಳ ಭಯ ಎಲ್ಲರಿಗೂ ಇದೆ. 9.5 ಬಂತು, ನಮ್ಮ ಸ್ಟಾಪ್‌ವಾಚಿನ ದೋಷ ಇಷ್ಟು ಎಂದು ಬರೆದವರಿಗೆ ಪೂರ್ತಿ ಅಂಕ ಸಿಗುವಂತಾದರೆ ತಿದ್ದುವ ಅಗತ್ಯವೇ ಬೀಳದು.

ಆದ್ದರಿಂದ ಭೌತಶಾಸ್ತ್ರ ವಿಭಾಗದ ಉಪನ್ಯಾಸಕರಲ್ಲಿ ಒಂದು ಕೋರಿಕೆ. ದೋಷಗಳಿಗೆ ಎರಡು ಪೀರಿಯಡ್ ಕೊಡಿ, ಜೊತೆಗೆ ಲ್ಯಾಬಿನಲ್ಲಿ ಈ ಪ್ರಯೋಗವನ್ನು ಮಾಡಿಸಿ. ಪೆಟ್ರೋಲ್ ಬೇಡ, ನೀರು ಸಾಕು. ಒಂದು ಚಿಕ್ಕ ಪಂಪು, ಎರಡು ಬಕೆಟ್, ಒಂದು ಅಳತೆ ಜಾಡಿ, ಎರಡು ಹರಿವು ಸೆನ್ಸರು. ಈ ಸೆನ್ಸರುಗಳು ಕೆಲವೇ ನೂರು ರೂಪಾಯಿಗೆ ಸಿಗುತ್ತವೆ. ಹೆಚ್ಚಿನ ನೀರನ್ನು ಮೊದಲ ಬಕೆಟಿಗೆ ವಾಪಸ್ ಬಿಟ್ಟು, ಸೆನ್ಸರುಗಳ ವ್ಯತ್ಯಾಸ ಎಷ್ಟು, ಎರಡನೇ ಬಕೆಟಿನ ನೀರನ್ನು ಜಾಡಿಯಲ್ಲಿ ಅಳೆದಾಗ ಎಷ್ಟು ಎಂದು ನೋಡೋಣ. ಎರಡೂ ತಾಳೆಯಾಗುವುದಿಲ್ಲ ಎಂದು ನಾನು ಈಗಲೇ ಹೇಳುತ್ತೇನೆ. ಎಷ್ಟು ತಾಳೆಯಾಗಲಿಲ್ಲ ಎಂಬುದನ್ನು ತಿದ್ದದೆ ರೆಕಾರ್ಡಿನಲ್ಲಿ ಬರೆಯಲು ಬಿಡಿ.